ಬೆರಕೆ ಅಕ್ಕಿ

ಗಂಟು ಬಿಗಿಯಾಗಿಯೇ ಇತ್ತು. ಆದರೂ ಚಾಂಪಿಯನ್ ರೀಫ್ಸ್ ಚಿನ್ನದ ಗಣಿಯ ಲೈನು ಮನೆಗಳ ಕೊನೆಯ ಸಾಲನ್ನು ದಾಟುವಷ್ಟರಲ್ಲಿ ಮುತ್ಯಾಲಮ್ಮ ಅದನ್ನು ಮತ್ತೆ ಮತ್ತೆ ಮುಟ್ಟಿ ನೋಡಿಕೊಂಡಿದ್ದಳು. ದಾವಣಿಯ ಅಂಚಿನಲ್ಲಿ ಅಮ್ಮ ಬೆಳಿಗ್ಗೆ ಕಟ್ಟಿಕೊಟ್ಟ ಒಂದು ಹಿಡಿ ಅಕ್ಕಿ ಅದು. ನಡೆದಂತೆಲ್ಲ ತೊಡೆಗೆ ತಾಗುತ್ತಿತ್ತು, ತಾಗಿದಾಗೆಲ್ಲ ಇವತ್ತು ಶುಕ್ರವಾರವೆಂಬುದನ್ನು ನೆನಪಿಸುತ್ತಿತ್ತು. ಆಂಡರ್ಸನ್‌ಪೇಟೆಯ ಅಂಚಿನಲ್ಲಿದ್ದ ಅವಳ ಪುಟ್ಟ ಮಿಶನ್ ಶಾಲೆಯಲ್ಲಿ ಶುಕ್ರವಾರ ಸಂಜೆ ಪ್ರಾರ್ಥನೆ ಮುಗಿದ ಮೇಲೆ ಹಿಡಿಯಕ್ಕಿಯ ಹೊತ್ತು. ಒಬ್ಬೊಬ್ಬರ ಹೆಸರನ್ನೂ ಮೇಷ್ಟ್ರು ಕೂಗುತ್ತಾರೆ. ಹೆಸರು ಕೇಳಿದವರು ಎದ್ದು ಹೋಗಿ, ಮನೆಯ ಅಡುಗೆಯಿಂದ ತೆಗೆದಿಟ್ಟು ತಂದ ಒಂದು ಹಿಡಿಯನ್ನು ವೇದಿಕೆಯ ಮುಂದಿನ ತಗಡಿನ ಡಬ್ಬಕ್ಕೆ ಸುರಿದು ಬರುತ್ತಾರೆ. ಹಾಗೆ ಕೂಡಿದ ಅಕ್ಕಿ ಶನಿವಾರ ಕಷ್ಟದಲ್ಲಿರುವ ಮನೆಗಳಿಗೆ ಹೋಗುತ್ತದೆ. ಹೋದ ತಿಂಗಳಿನಿಂದ ಆ ಮನೆಗಳಲ್ಲಿ ಮುತ್ಯಾಲಮ್ಮನದೂ ಒಂದಾಗಿತ್ತು. ಅಂದಿನಿಂದ ಕೋದಂಡಪ್ಪ ಮೇಷ್ಟ್ರು ಮುನಿಗಂಗಮ್ಮನ ಹೆಸರಾದ ಮೇಲೆ ಅವಳನ್ನು ದಾಟಿ ವರಲಕ್ಷ್ಮಮ್ಮನ ಹೆಸರಿಗೆ ಹೋಗಿಬಿಡುತ್ತಿದ್ದರು. ದಾಟುವಾಗ ಅವರ ದನಿ ಎಷ್ಟು ಮೆತ್ತಗಾಗುತ್ತಿತ್ತೆಂದರೆ, ನಿದ್ದೆಹೋದ ಮಗುವನ್ನು ದಾಟಿಕೊಂಡು ಹೋಗುವವರ ಕಾಲಿನ ಸಪ್ಪಳದಂತೆ. ಆ ಮೆದುತನವನ್ನೇ ಅವಳಿಗೆ ತಡೆದುಕೊಳ್ಳಲಾಗುತ್ತಿರಲಿಲ್ಲ. ಯಾರಾದರೂ ಬೈದಿದ್ದರೆ ಬೈದವರ ಮೇಲೆ ಕೋಪಿಸಿಕೊಳ್ಳಬಹುದಿತ್ತು. ದಯೆ ತೋರಿಸಿದವರ ಮೇಲೆ ಕೋಪಿಸಿಕೊಳ್ಳುವುದು ಹೇಗೆಂದು ಶಾಲೆಯಲ್ಲಿ ಯಾರೂ ಕಲಿಸಿರಲಿಲ್ಲ.

“ಇನ್ಮೇಲೆ ನೀನು ತರೋದು ಬೇಡಮ್ಮ, ಮುತ್ಯಾಲು. ಮನಸ್ಸಿಗೆ ಹಚ್ಚಿಕೋಬೇಡ,” ಎಂದು ಮೇಷ್ಟ್ರು ಜಗಲಿಯ ಕಂಬದ ಮರೆಗೆ ಕರೆದು ಹೇಳಿದ್ದರು. ಅವಳು ತಲೆಯಾಡಿಸಿದ್ದಳು. ತಲೆ ಅವಳ ಅಪ್ಪಣೆಗೆ ಕಾಯದೆ ತಾನೇ ಆಡಿಬಿಟ್ಟಿತ್ತು. ಆಡಿದ ತಲೆಯನ್ನು ಮನೆಗೆ ಹೊತ್ತುಕೊಂಡು ಬಂದಾಗ ಅಮ್ಮ ಒಲೆಯ ಮುಂದೆ ಕೂತು, ಶಾಲೆಯಿಂದ ಬಂದ ಅಕ್ಕಿಯ ಚೀಲವನ್ನು ಬಿಚ್ಚಿ, ಅಡುಗೆಗೆ ಅಳೆಯುವ ಮೊದಲೇ ಒಂದು ಹಿಡಿಯನ್ನು ತೆಗೆದು ಕುಡಿಕೆಗೆ ಹಾಕುತ್ತಿದ್ದಳು. ಆಗ ಹೇಳಬೇಕಾಗಿತ್ತು, ಹೇಳಲಿಲ್ಲ. ಆ ಶುಕ್ರವಾರ ಹಿಡಿಯಕ್ಕಿಯನ್ನು ಕಟ್ಟಿಕೊಂಡು ಹೋದಳು, ಹೆಸರು ಬರಲಿಲ್ಲ, ಹಾಗೆಯೇ ಕಟ್ಟಿಕೊಂಡು ಹೊರಬಂದಳು. ವಾಪಸು ತಂದರೆ ಅಮ್ಮ ಕೇಳುತ್ತಾಳೆ. ಚಿನ್ನ ತೆಗೆದುಳಿದ ಹುಡಿ ಸುರಿದ ಸೈನೈಡ್ ದಿಬ್ಬದ ಹತ್ತಿರ ದಾರಿ ತಿರುಗುವಲ್ಲಿ, ಯಾರೂ ಕಾಣದ್ದನ್ನು ನೋಡಿ, ಗಂಟು ಬಿಚ್ಚಿ ಕೊಡವಿಬಿಟ್ಟಳು. ಬೂದುಬಣ್ಣದ ಆ ಸತ್ತ ಮಣ್ಣಿನ ಮೇಲೆ ಅಕ್ಕಿ ಬಹಳ ಬೆಳ್ಳಗೆ ಕಂಡಿತು. ಪಾರಿವಾಳಗಳು ಬಂದವು. “ಆಕ್ದಾ?” ಎಂದು ಅಮ್ಮ ಕೇಳಿದಳು. “ಆಕ್ದೆ,” ಎಂದಳು ಇವಳು. ಅದರ ಮುಂದಿನ ಶುಕ್ರವಾರವೂ ಅಷ್ಟೆ. ಪಾರಿವಾಳಗಳು ಈಗ ಅವಳನ್ನು ಗುರುತು ಹಿಡಿಯುತ್ತಿದ್ದವು. ಅವಳು ಆ ತಿರುವಿಗೆ ಬರುತ್ತಲೇ ತಂತಿಬೇಲಿಯಿಂದ ಇಳಿದು ಕಾಲಬಳಿ ಸುತ್ತುತ್ತಿದ್ದವು. ಈ ಬೆಳಿಗ್ಗೆಯೂ ಇಳಿದವು. ಅವಳು ಕಲ್ಲೊಂದನ್ನು ಎತ್ತಿ ಬೀಸಿದಳು. ಆಮೇಲೆ ಅಳು ಬಂತು.

ಬೆಳಿಗ್ಗೆ ಅಮ್ಮನ ಹತ್ತಿರ ಒಂದು ಮಾತು ಆಡಿ ನೋಡಿದ್ದಳು. “ಇವತ್ತು ಬ್ಯಾಡಮ್ಮ. ನಾಳೀಕೇ ಅಕ್ಕಿ ಇಲ್ಲ.”

“ನಾಳೀಕೆ ನಾಳೆ ನೋಡಾನ. ಇಕ್ಕೋ ಅಕ್ಕಿ ಬ್ಯಾರೆ, ಉಣ್ಣೋ ಅಕ್ಕಿ ಬ್ಯಾರೆ. ದಾವಣಿ ಇಲ್ಲಿ ಕೊಡು, ಬಿಗ್ಯಾಗಿ ಕಟ್ತೀನಿ.”

“ಅವ್ರು ಕೊಟ್ಟಿದ್ನೇ ಅವರ್ಗೆ ಇಕ್ಕೋದಾ? ನಗ್ತಾರೆ.”

“ಯಾರೇ ನಗೋರು? ನಿಮ್ಮೇಷ್ಟ್ರು ನಗ್ತಾರಾ? ನಿಮ್ಮ ಇಸ್ಕೂಲ್ ಮಿಸ್ಸಮ್ಮ ನಗ್ತಾಳಾ?” ಅಮ್ಮ ನರಸಮ್ಮ ಹಲ್ಲಿನಿಂದ ಗಂಟಿನ ತುದಿಯನ್ನು ಎಳೆದು ಬಿಗಿದಳು. “ಬಂಗಾರಪೇಟೆ ತಾವ ನಮ್ಮಪ್ಪನ ಮನೇಲಿ ರಾಗಿ ಇಲ್ದಿದ್ದಾಗ್ಲೂ, ಬಾಗ್ಲಿಗೆ ಬಂದ ದಾಸಯ್ಯಂಗೆ ನಮ್ಮಮ್ಮ ಬರೀ ಮೊರ ತೋರಿಸಿ ಕಳಿಸ್ತಿರ್ಲಿಲ್ಲ. ಇಸ್ಕಂತೀವಿ ಅಂತ ಇಕ್ಕೋದು ಬಿಟ್ಬುಟ್ರೆ ನಾವೇನಾದೇವು?”

“ಏಯ್ ನರಸೀ, ಕೂಸ್ನ ಬಿಡೆ. ಇಸ್ಕೂಲ್ಗೆ ವೊತ್ತಾಯ್ತು,” ಎಂದು ಅಪ್ಪ ಚಾಪೆಯ ಮೇಲಿಂದ ಹೇಳಿ ಕೆಮ್ಮತೊಡಗಿದ. ಅಪ್ಪ ಮುನಿಶಾಮಿಯ ಎದೆಯೊಳಗೆ ಯಾರೋ ಜಲ್ಲಿಯನ್ನು ಜರಡಿ ಹಿಡಿಯುತ್ತಿದ್ದಂತೆ ಸದ್ದು. ವರ್ಷಾನುಗಟ್ಟಲೆ ನೆಲದಡಿಯ ಬಂಡೆಗೆ ತೂತು ಕೊರೆದವನು. ಆ ಬಂಡೆಯ ಹುಡಿ ಈಗ ಅವನೊಳಗೆ ಮನೆ ಮಾಡಿತ್ತು. ಗಣಿ ದೊರೆಗಳ ಕೈಯಿಂದ ಸರ್ಕಾರದ ಕೈಗೆ ಬಂದ ಮೇಲೂ ಹುಡಿ ಮಾತ್ರ ಹಳೆಯ ಹುಡಿಯೇ. ಅವನನ್ನು ಕೆಲಸದಿಂದ ನಿಲ್ಲಿಸಿದ್ದರು. ಪರಿಹಾರದ ವಿಷಯ ಇನ್ನೂ ‘ನೋಡೋಣ’ದಲ್ಲಿತ್ತು. ಯಾವ ನ್ಯಾಯದಲ್ಲಿ, ಎಂದು ಅವಳು ನಡೆಯುತ್ತ ಕೇಳಿಕೊಂಡಳು. ಚಿನ್ನ ತೆಗೆದವನ ಮನೆಗೆ ಹಿಡಿಹಿಡಿಯಾಗಿ ಅಕ್ಕಿ ಬರುವುದು ಯಾವ ನ್ಯಾಯದಲ್ಲಿ? ಆದರೆ ಈ ಪ್ರಶ್ನೆಯನ್ನು ಕೇಳಬೇಕಾದವರು ಶಾಲೆಯಲ್ಲಿರಲಿಲ್ಲ. ಶಾಲೆಯಲ್ಲಿದ್ದವರು ಅಕ್ಕಿ ಕೊಟ್ಟವರು, ಒಳ್ಳೆಯವರು. ಅನ್ಯಾಯದ ವಿಳಾಸವೇ ತಿಳಿಯದೆ ಅವಳ ಸಿಟ್ಟು ಒಳ್ಳೆಯವರ ಬಾಗಿಲಲ್ಲಿ ಹೋಗಿ ನಿಲ್ಲುತ್ತಿತ್ತು, ನಾಚಿಕೊಂಡು ತಿರುಗಿ ಬರುತ್ತಿತ್ತು.

ಮೊದಲ ಸಲ ಅಕ್ಕಿ ಬಂದ ದಿನ ಅವಳು ನಲ್ಲಿಯ ಹತ್ತಿರ ನೀರಿಗೆ ನಿಂತಿದ್ದಳು. ಮೇಷ್ಟ್ರ ಕರಿಯ ಕೋಟು ಸಾಲಿನ ತುದಿಯಲ್ಲಿ ಕಂಡಿತು. ಅವರ ಹಿಂದೆ ಕೆಳಗಿನ ತರಗತಿಯ ಇಬ್ಬರು ಹುಡುಗಿಯರು ಚೀಲವನ್ನು ಹಿಡಿದುಕೊಂಡು ಬರುತ್ತಿದ್ದರು. ಅವರು ಬೇರೆ ಯಾರ ಮನೆಗೋ ಹೋಗುತ್ತಾರೆಂದು ಅವಳು ಕಾದಳು. ಅವರು ಅವಳ ಮನೆಯ ಮುಂದೆಯೇ ನಿಂತು, ಬಾಗಿಲ ಮುಂದಿನ ರಂಗೋಲಿಯನ್ನು ತುಳಿಯದಂತೆ ಪಕ್ಕಕ್ಕೆ ಸರಿದರು. ಬಿಂದಿಗೆ ತುಂಬಿ ನೀರು ಹರಿದು ಕಾಲು ತೊಯ್ದರೂ ಅವಳು ಕದಲಲಿಲ್ಲ. “ಏಮ್ಮಾ, ನೀರು ಪೋತಾಂದಿ!” ಎಂದು ಹಿಂದಿದ್ದವರು ಕಿರುಚಿದರು. ಮೇಷ್ಟ್ರು ಹೋಗುವ ತನಕ ನಲ್ಲಿಯ ಕಟ್ಟೆಯ ಹಿಂದೆ ಕೂತು, ತೊಳೆದಿದ್ದ ಬಿಂದಿಗೆಯನ್ನೇ ಮತ್ತೆ ತೊಳೆದಳು. ಆ ರಾತ್ರಿಯ ಅನ್ನ ಬೇಯಲೇ ಇಲ್ಲ. ಅಥವಾ ಅರ್ಧ ಬೆಂದಿತು, ಅರ್ಧ ಕರಗಿತು. ಹಲವು ಮನೆಯ ಅಕ್ಕಿ: ಕುಸುಬಲಕ್ಕಿ, ಹಸಿಯಕ್ಕಿ, ಕೆಂಪಕ್ಕಿ, ನುಚ್ಚು, ಒಂದು ಬೇಯುವ ಹೊತ್ತಿಗೆ ಇನ್ನೊಂದು ಗಂಜಿ. ಅಪ್ಪ ಒಂದು ತುತ್ತು ಬಾಯಿಗಿಟ್ಟು ಅಗಿದು, ನಕ್ಕ. “ಬಾಯೊಳಗೆ ಮೈಸೂರು ಮೈನ್ಸ್ ಒಕ್ಕಂಡಂಗಾಯ್ತು ಕಣೆ. ಒಂದ್ಕಡೆ ಬಂಡೆ, ಒಂದ್ಕಡೆ ಕೆಸ್ರು!” ಅಮ್ಮನೂ ನಕ್ಕಳು. ಮುತ್ಯಾಲಮ್ಮ ನಗಲಿಲ್ಲ. ಬೇಯದ ಅಕ್ಕಿಯ ಮಾತನ್ನು ಅವಳು ಹಿಂದೆಯೂ ಒಮ್ಮೆ ಕೇಳಿದ್ದಳು.

ಹಿಂದಿನ ವರ್ಷ ಶನಿವಾರಗಳಲ್ಲಿ ಚೀಲ ಹಿಡಿದು ಹೋಗುತ್ತಿದ್ದ ಹುಡುಗಿಯರಲ್ಲಿ ಅವಳೂ ಒಬ್ಬಳು. ಎರಡು ಸಾಲು ಆಚೆಯ ಮುದುಕಿ ಪೆದ್ದಮ್ಮ ಚೀಲವನ್ನು ಇಸಿದುಕೊಂಡು, “ಈ ಬೆರಕೆ ಅಕ್ಕೀನ ಬೇಯ್ಸೋದೇ ತ್ರಾಸಮ್ಮಾ. ಒಂದು ಬೆಂದ್ರೆ ಇನ್ನೊಂದು ಬೇಯಾಕಿಲ್ಲ,” ಎಂದಿದ್ದಳು. ಅದು ದೂರಲ್ಲ, ಸುಮ್ಮನೆ ಒಂದು ಅಡುಗೆಮಾತು. ಮುತ್ಯಾಲಮ್ಮ ಅದನ್ನು ತಂದು ತರಗತಿಯಲ್ಲಿ ಹೇಳಿದ್ದಳು. ಹೇಳುವಾಗ ಮುದುಕಿಯ ದನಿಯನ್ನು ಅಣಕಿಸಿಯೂ ಇದ್ದಳು. ಎಲ್ಲರೂ ನಕ್ಕಿದ್ದರು. ಮೇಷ್ಟ್ರು ನಗದೆ, ಕೃತಜ್ಞತೆ ಎಂಬ ಗುಣದ ಬಗ್ಗೆ ಆ ದಿನ ಬಹಳ ಚೆನ್ನಾಗಿ ಪಾಠ ಹೇಳಿದ್ದರು. ಆ ಪಾಠವನ್ನು ಅವಳು ಇನ್ನೂ ಬಾಯಿಪಾಠ ಒಪ್ಪಿಸಬಲ್ಲಳು. ಈಗ ಪೆದ್ದಮ್ಮ ದಾರಿಯಲ್ಲಿ ಸಿಕ್ಕಿ, “ಎಂಗವ್ನೆ ನಿಮ್ಮಪ್ಪ?” ಎಂದು ಕೇಳಿದರೆ ಅವಳಿಗೆ ಮುದುಕಿಯ ಮುಖವನ್ನು ನೋಡಲಾಗುವುದಿಲ್ಲ, ಮುದುಕಿಗೆ ಏನೂ ಗೊತ್ತಿಲ್ಲವೆಂಬುದೇ ಇನ್ನೂ ಕಷ್ಟ.

ಶಾಲೆಯ ಗಂಟೆ ಆಗಲೇ ಹೊಡೆದಿತ್ತು. ಹೆಂಚಿನ ಉದ್ದ ಕಟ್ಟಡದೊಳಗಿಂದ ಲ್ಯಾಟಿನ್ ಕ್ರಿಯಾಪದಗಳು ಮಗ್ಗಿಯಂತೆ ಹೊರಬರುತ್ತಿದ್ದವು: ದೋ, ದಾಸ್, ದಾತ್. ನಾನು ಕೊಡುತ್ತೇನೆ, ನೀನು ಕೊಡುತ್ತೀಯೆ, ಅವನು ಕೊಡುತ್ತಾನೆ. ಗಣಿಯವರ ಮಕ್ಕಳಿಗೆ ಲ್ಯಾಟಿನ್ ಏತಕ್ಕೆಂದು ಊರೆಲ್ಲ ನಕ್ಕಾಗ ಶಾಲೆಯನ್ನು ಕಟ್ಟಿದ ಮಿಸ್ಸಮ್ಮ, ದೊರೆಯ ಮಗನಿಗೆ ಏತಕ್ಕೋ ಇವರಿಗೂ ಅದಕ್ಕೇ, ಎಂದಿದ್ದರಂತೆ. ಆ ಮಾತನ್ನು ಮುತ್ಯಾಲಮ್ಮ ತನ್ನದೇ ಒಡವೆಯಂತೆ ಕಾಪಾಡಿಕೊಂಡಿದ್ದಳು. ಈ ಶಾಲೆಯಲ್ಲಿ ಅವಳು ಯಾರಿಗೂ ಕಡಿಮೆಯಾಗಿರಲಿಲ್ಲ. ಎರಡನೆಯ ಗಂಟೆಗೆ ಕೋದಂಡಪ್ಪ ಮೇಷ್ಟ್ರ ತರ್ಕ. ಅವರು ಬಂಗಾರಪೇಟೆಯ ಹತ್ತಿರದ ಹಳ್ಳಿಯಿಂದ ದಿನವೂ ರೈಲುಗಾಡಿಯಲ್ಲಿ ಬರುತ್ತಿದ್ದರು. ಹೊಲ ಉಳುವ ಮನೆತನದವರು. ಕೋಟಿನ ತೋಳಿನ ಮೇಲೆ ಎಂಜಿನ್ನಿನ ಮಸಿ, ನಾಲಿಗೆಯ ಮೇಲೆ ಶುದ್ಧ ಕನ್ನಡ. ವಾದ ಮಾಡುವವರು ಕೋಪವನ್ನು ಬಾಗಿಲಾಚೆ ಬಿಟ್ಟು ಬರಬೇಕು, ಮಾತು ಪ್ರತಿಜ್ಞೆ, ಹೇತು, ನಿಗಮನ, ಅಂದರೆ ಹೇಳಿಕೆ, ಕಾರಣ, ತೀರ್ಮಾನ, ಎಂಬ ಮೆಟ್ಟಿಲುಗಳನ್ನಿಳಿದು ಮುಗಿಯಬೇಕು, ಎನ್ನುವುದು ಅವರ ನಿಯಮ. ಇವತ್ತಿನ ವಿಷಯವನ್ನು ಅವರು ಕರಿಹಲಗೆಯ ಮೇಲೆ ಬರೆದಿದ್ದರು: ಕೊಡುವವನು ಪಡೆಯುವವನಿಗಿಂತ ಮೇಲು. ಚೀಟಿ ಎತ್ತಿದಾಗ ಅದನ್ನು ಸಮರ್ಥಿಸುವ ಪಾಳಿ ಮುತ್ಯಾಲಮ್ಮನಿಗೂ ವಿರೋಧಿಸುವ ಪಾಳಿ ಅವಳ ಪಕ್ಕದ ಜ್ಞಾನಮಣಿಗೂ ಬಂತು. ಮೇಷ್ಟ್ರ ಮುಖ ಒಂದು ಗಳಿಗೆ ಕಂದಿದ್ದನ್ನು ಅವಳು ಕಂಡಳು. “ಬೇಕಾದ್ರೆ ಬದಲಾಯಿಸೋಣ,” ಎಂದರು. ಆ ಒಂದು ಮಾತಿನಿಂದ, ಅವಳ ಮನೆಗೆ ಅಕ್ಕಿ ಹೋಗುವುದು ಗೊತ್ತಿಲ್ಲದವರಿಗೂ ಗೊತ್ತಾಗುವಂತಾಯಿತು. “ಬೇಡ ಸಾರ್,” ಎಂದು ಎದ್ದು ನಿಂತಳು.

ಅವಳು ಅಂದಿನಷ್ಟು ಚೆನ್ನಾಗಿ ಎಂದೂ ಮಾತಾಡಿರಲಿಲ್ಲ. ಕೊಡಲು ಮೊದಲು ಇರಬೇಕು, ಇರುವುದು ಸಾಮರ್ಥ್ಯ. ಇದ್ದದ್ದನ್ನು ಬಿಡಲು ಮನಸ್ಸು ಬೇಕು, ಅದು ಗುಣ. ಪಡೆಯುವವನಿಗೆ ಕೊರತೆಯೊಂದನ್ನು ಬಿಟ್ಟು ಬೇರೇನೂ ಬೇಕಿಲ್ಲ. ಮಾತು ಹರಳು ಜೋಡಿಸಿದಂತೆ ಬರುತ್ತಿತ್ತು. ಮಾತಿನ ಒಂದೊಂದು ಮೆಟ್ಟಿಲಿಗೂ ಅವಳು ತನ್ನ ಮನೆಯಿಂದ ಒಂದೊಂದು ಸಾಲು ದೂರ ನಡೆದು ಹೋಗುತ್ತಿದ್ದಳು. ಕೊನೆಗೆ ತಿರುಗಿ ನೋಡಿದರೆ ಅಮ್ಮ ಬಾಗಿಲಲ್ಲಿ ಕುಡಿಕೆ ಹಿಡಿದುಕೊಂಡು ಬಹಳ ಚಿಕ್ಕವಳಾಗಿ ಕಾಣುತ್ತಿದ್ದಳು. ಜ್ಞಾನಮಣಿ ತಡವರಿಸಿ ಸೋತಳು. ಅಥವಾ ಬೇಕೆಂದೇ ಸೋತಳೇನೋ. ಎಲ್ಲರೂ ಕೈ ತಟ್ಟಿದರು. ಮೇಷ್ಟ್ರು ತಟ್ಟಲಿಲ್ಲ, ಕರಿಹಲಗೆಯನ್ನು ಒರೆಸುತ್ತ ನಿಂತರು. ಗೆದ್ದ ಮುತ್ಯಾಲಮ್ಮ ಬೆಂಚಿನಲ್ಲಿ ಕೂತು, ಮೇಜಿನ ಕೆಳಗೆ ದಾವಣಿಯ ಗಂಟನ್ನು ಮುಷ್ಟಿಯೊಳಗೆ ಅಮುಕುತ್ತ, ತನ್ನ ತಾಯಿಯನ್ನು ತಾನೇ ತರ್ಕಬದ್ಧವಾಗಿ ಕೀಳೆಂದು ಸಾಧಿಸಿಬಿಟ್ಟೆನಲ್ಲ ಎಂದುಕೊಂಡಳು.

ಮಧ್ಯಾಹ್ನದ ಊಟಕ್ಕೆ ಹೊಂಗೆಯ ಮರದ ಬೇರಿನ ಮೇಲೆ, ಎಲ್ಲರಿಗೂ ಬೆನ್ನು ಮಾಡಿ ಕೂತಿದ್ದಳು. ಜ್ಞಾನಮಣಿ ಹುಡುಕಿಕೊಂಡು ಬಂದು ಎದುರಿಗೇ ಕೂತಳು. ಅವಳಪ್ಪ ಗಣಿಯಲ್ಲಿ ಟೈಂಕೀಪರು, ಮನೆಯ ಮಾತು ತಮಿಳು, ಬಾಯಿಗೆ ಬೀಗವೆಂಬುದಿಲ್ಲ. ಮುತ್ಯಾಲಮ್ಮ ಬುತ್ತಿಯ ಮುಚ್ಚಳವನ್ನು ಮುಚ್ಚುವ ಮೊದಲೇ ಅವಳು ಒಳಗೆ ಇಣುಕಿದ್ದಳು.

“ಏಯ್, ಕೆಂಪಕ್ಕಿ! ಇದು ನಮ್ಮೂಟ್ಟು ಅಕ್ಕಿ ಕಣೇ, ನಮ್ಮನೇದೇ. ಊರಿಂದ ನಮ್ಮ ತಾತ ಕಳಿಸೋದು. ಇಲ್ಲಿ ಯಾರ ಮನೇಲೂ…” ಎಂದವಳು ಅಲ್ಲಿಗೇ ನಿಂತಳು.

ತಮ್ಮ ಮನೆಯ ಹಿಡಿಯಕ್ಕಿಯೇ ಈ ಬುತ್ತಿಗೆ ಬಂದಿದೆಯೆಂಬ ಅರ್ಥ ಜ್ಞಾನಮಣಿಯ ಮುಖದ ಮೇಲೆ ನಿಧಾನವಾಗಿ ಹತ್ತಿ ಬರುವುದನ್ನು ಮುತ್ಯಾಲಮ್ಮ ನೋಡಿದಳು. ನೋಡುತ್ತ, ಈಗ ಇವಳೂ ಮೆತ್ತಗಾಗುತ್ತಾಳೆ, ಮೇಷ್ಟ್ರ ಹಾಗೆ, ಎಂದು ಕಾದಳು. ಜ್ಞಾನಮಣಿ ಮೆತ್ತಗಾಗಲಿಲ್ಲ. ಕೈ ನೀಡಿ ಬುತ್ತಿಯಿಂದ ಒಂದು ತುತ್ತು ಎತ್ತಿ ಬಾಯಿಗೆ ಹಾಕಿಕೊಂಡು, ಕರ್ರನೆ ಏನನ್ನೋ ಕಚ್ಚಿ, ಉಗುಳಿದಳು.

“ನಮ್ಮಮ್ಮ ಕಲ್ಲು ಆರಿಸೋದೇ ಇಲ್ಲ, ಸೋಂಬೇರಿ. ನಿಮ್ಮಮ್ಮಂಗೆ ಹೇಳು, ಕಲ್ಲು ಸಿಕ್ಕಿದ್ರೆ ನಮ್ಮಮ್ಮನ್ನೇ ಬೈಕೋಬೇಕು ಅಂತ.”

“ನಮ್ಮಮ್ಮ ಬೈಯಲ್ಲ,” ಎಂದಳು ಮುತ್ಯಾಲಮ್ಮ. ತುಸು ತಡೆದು, “ನಮ್ಮಪ್ಪ ಬೈತಾನೆ. ಬಾಯೊಳಗೆ ಮೈಸೂರು ಮೈನ್ಸ್ ಒಕ್ಕಂಡಂಗಾಯ್ತು ಅಂತಾನೆ.”

ಜ್ಞಾನಮಣಿ ನಕ್ಕು ನಕ್ಕು ಕೆಮ್ಮಿದಳು. ಮುತ್ಯಾಲಮ್ಮನಿಗೂ ನಗು ಬಂತು. ಈ ತಿಂಗಳಲ್ಲಿ ಮೊದಲ ಸಲ ಆ ಅನ್ನ ಗಂಟಲಲ್ಲಿ ಸಿಕ್ಕಿಕೊಳ್ಳದೆ ಇಳಿಯಿತು. ಆದರೆ ನಗು ಮುಗಿದ ಮೇಲೆ ಜ್ಞಾನಮಣಿ, “ವಾದದಲ್ಲಿ ನೀನು ಹೇಳಿದ್ದು ಎಲ್ಲಾ ಸುಳ್ಳು ತಾನೇ?” ಎಂದು ಕೇಳಿದಳು. ಉತ್ತರಕ್ಕೆ ಕಾಯದೆ ಕೈ ತೊಳೆಯಲು ಎದ್ದು ಹೋದಳು.

ಸಂಜೆ ಬಿಸಿಲು ಕಿಟಕಿಗಳಿಂದ ಓರೆಯಾಗಿ ಬಿದ್ದು ವೇದಿಕೆಯ ಮುಂದಿನ ತಗಡಿನ ಡಬ್ಬವನ್ನು ಮುಟ್ಟಿತ್ತು. ಪ್ರಾರ್ಥನೆ ಮುಗಿಯಿತು. ಮಿಸ್ಸಮ್ಮ ಕಣ್ಣು ಮುಚ್ಚಿಕೊಂಡು ಕುರ್ಚಿಯಲ್ಲಿ ಕೂತಿದ್ದರು. ಮೇಷ್ಟ್ರು ಹೆಸರು ಕೂಗತೊಡಗಿದರು. ಮೊದಮೊದಲು ಬಿದ್ದ ಅಕ್ಕಿ ತಗಡಿನ ತಳದಲ್ಲಿ ಮಳೆಯಂತೆ ಸದ್ದು ಮಾಡಿತು. ಆಮೇಲೆ ಅಕ್ಕಿಯ ಮೇಲೆ ಅಕ್ಕಿ ಬಿದ್ದು ಸದ್ದು ಅಡಗಿತು. ಜ್ಞಾನಮಣಿ ಎದ್ದು ಹೋಗಿ ಸುರಿದು, ಬರುವಾಗ ಇವಳ ಕಡೆ ನೋಡದೆ ಕೂತಳು. ಮುತ್ಯಾಲಮ್ಮ ಗಂಟು ಬಿಚ್ಚಿ ಅಕ್ಕಿಯನ್ನು ಬಲಗೈಯ ಮುಷ್ಟಿಗೆ ತೆಗೆದುಕೊಂಡಿದ್ದಳು. ಮುಷ್ಟಿ ಬೆವರುತ್ತಿತ್ತು. ಕರೆದರೆ ಹೋಗುವೆನೆಂದು ಕಾದು ಕೂರುವುದಾದರೆ ದಾರಿಯಲ್ಲಿ ಪಾರಿವಾಳಗಳಿದ್ದೇ ಇವೆ. ಅಮ್ಮ ‘ಆಕ್ದಾ?’ ಎಂದು ಕೇಳುತ್ತಾಳೆ. ‘ಆಕ್ದೆ’ ಎನ್ನುವ ಮಾತು ಇನ್ನೊಂದು ಸಲ ಬಾಯಿಂದ ಬಂದರೆ ಆಮೇಲೆ ಅದು ತಾನೇ ತಾನಾಗಿ ಬರುತ್ತದೆ, ಅಂದು ತಲೆ ತಾನೇ ಆಡಿದ ಹಾಗೆ.

“ಮುನಿಗಂಗಮ್ಮ.” ಮುನಿಗಂಗಮ್ಮ ಹೋಗಿ ಬಂದಳು. ಮೇಷ್ಟ್ರ ದನಿ ಮೆತ್ತಗಾಯಿತು. “ವರಲಕ್ಷ್ಮಮ್ಮ.”

ವರಲಕ್ಷ್ಮಮ್ಮ ಏಳುವ ಮೊದಲು ಮುತ್ಯಾಲಮ್ಮ ಎದ್ದಿದ್ದಳು. ಅರ್ಧ ಎದ್ದ ವರಲಕ್ಷ್ಮಮ್ಮ ಮತ್ತೆ ಕೂತಳು. ಬೆಂಚು ಕಿರುಗುಟ್ಟಿದ್ದಕ್ಕೆ ಕೆಲವರು ತಿರುಗಿ ನೋಡಿದರು. “ಸಾರ್, ನನ್ನ ಹೆಸರು ಬಿಟ್ಟುಹೋಯ್ತು.”

ಮೇಷ್ಟ್ರು ಗಾಬರಿಯಾಗಿ ವೇದಿಕೆಯಿಂದಿಳಿದು ಅವಳ ಬೆಂಚಿನವರೆಗೆ ಬಂದರು, ಬೇರೆಯವರಿಗೆ ಕೇಳಿಸದಂತೆ ಬಗ್ಗಿದರು. ಕೋಟಿನಿಂದ ಕಲ್ಲಿದ್ದಲ ಹೊಗೆಯ ವಾಸನೆ. “ಬಿಟ್ಟುಹೋಗಿಲ್ಲಮ್ಮ, ನಾನೇ ಬಿಟ್ಟಿದ್ದು. ನಿಮ್ಮನೆ ಕಷ್ಟ ನನಗೆ ಗೊತ್ತಿಲ್ಲವೇ? ಕೂತ್ಕೋ.”

“ನಮ್ಮಮ್ಮ ಕೊಟ್ಟವಳೆ ಸಾರ್.” ಮುಷ್ಟಿಯನ್ನು ಮುಂದೆ ಚಾಚಿ ಸ್ವಲ್ಪ ಬಿಡಿಸಿದಳು. ಕೆಂಪು, ಬಿಳಿ, ನುಚ್ಚು. ಅದು ಯಾವ ಅಕ್ಕಿಯೆಂದು ಅವರಿಗೆ ತಿಳಿಯಿತು; ಅವರ ಮುಖದಲ್ಲಿ ನೋವು ಕಂಡಿತು.

“ಇದು ನಿಮಗೇ ಅಂತ ಕೊಟ್ಟಿದ್ದಲ್ಲವೇನಮ್ಮ? ಕೊಟ್ಟದ್ದನ್ನು ತಿರುಗಿ ಕೊಡ್ತಾರೆಯೇ? ನಮಗೂ ಬೇಜಾರಾಗೋದಿಲ್ಲವೇ?”

ಕೋಪವನ್ನು ಬಾಗಿಲಾಚೆ ಬಿಟ್ಟು ಬರಬೇಕು. ಅವಳು ಬಾಗಿಲ ಕಡೆ ನೋಡಿದಳು, ನಿಜವಾಗಿಯೂ ಅಲ್ಲಿ ಬಿಟ್ಟು ಬಂದವಳಂತೆ. “ಸಾರ್, ಕೊಟ್ಟಿದ್ದು ಇಸ್ಕೊಂಡವರದ್ದಾಗುತ್ತೆ,” ಎಂದಳು. “ತಮ್ಮದನ್ನ ಯಾರಾದ್ರೂ ಕೊಡಬಹುದು. ಈ ಅಕ್ಕಿ ನಮ್ಮದಾಗಿದ್ರೆ ನಾನು ಕೊಡಬಹುದು. ನಮ್ಮದಾಗಿಲ್ಲ ಅಂದ್ರೆ, ನೀವಿನ್ನೂ ಕೊಟ್ಟೇ ಇಲ್ಲ ಅಂತ ಸಾರ್.”

ಅವಳು ಅಷ್ಟು ಮೆಲ್ಲಗೆ ಹೇಳಿದ್ದಳು. ಆದರೂ ಸಾಲಿನಲ್ಲಿದ್ದವರು ಕೇಳಿಸಿಕೊಂಡರು. ಮೇಷ್ಟ್ರು ಬಗ್ಗಿದವರು ಬಗ್ಗಿಯೇ ಇದ್ದರು. ಅವರ ಕಿವಿಯ ಅಂಚು ಕೆಂಪಾದದ್ದನ್ನು ಕಂಡು ಅವಳಿಗೆ ಹೆದರಿಕೆಯಾಯಿತು. ಬಂದ ಮಾತನ್ನು ವಾಪಸು ತೆಗೆದುಕೊಳ್ಳುವ ಹಾಗಿದ್ದರೆ ಆ ಗಳಿಗೆಯಲ್ಲಿ ತೆಗೆದುಕೊಂಡುಬಿಡುತ್ತಿದ್ದಳು. ಈ ಮನುಷ್ಯ ತನ್ನ ಮನೆಯ ರಂಗೋಲಿಯನ್ನು ತುಳಿಯದೆ ಸರಿದು ನಿಂತವರು. ಅವಳ ಮಾತಿನ ಮೆಟ್ಟಿಲುಗಳನ್ನು ಒಂದೊಂದಾಗಿ ಹಿಂದಕ್ಕೆ ಹತ್ತಿ ಎಲ್ಲಾದರೂ ಬಿರುಕಿದೆಯೇ ಎಂದು ಹುಡುಕುವವರಂತೆ ಮೇಷ್ಟ್ರ ಕಣ್ಣು ಚಲಿಸಿತು. ಬಿರುಕು ಸಿಗಲಿಲ್ಲವೋ, ಸಿಕ್ಕರೂ ಬೇಡವೆನಿಸಿತೋ. ನೆಟ್ಟಗಾಗಿ, ಕೋಟನ್ನು ಎಳೆದುಕೊಂಡು, ವೇದಿಕೆಯತ್ತ ನಡೆದರು. ಕುರ್ಚಿಯಲ್ಲಿದ್ದ ಮಿಸ್ಸಮ್ಮ ಕಣ್ಣು ತೆರೆದು ಏನಾಯಿತೆಂದು ಸನ್ನೆಯಲ್ಲಿ ಕೇಳಿದ್ದಕ್ಕೆ, ಏನೂ ಇಲ್ಲವೆಂಬಂತೆ ತಲೆಯಾಡಿಸಿದರು. ನಿಂತ ಜಾಗದಿಂದ ಗಂಟಲು ಸರಿಮಾಡಿಕೊಂಡು, ಉಳಿದವರ ಹೆಸರನ್ನು ಕೂಗಿದಷ್ಟೇ ಗಟ್ಟಿಯಾಗಿ, ಒಂದಿಷ್ಟೂ ಮೆತ್ತಗಿಲ್ಲದೆ, ಕೂಗಿದರು.

“ಮುತ್ಯಾಲಮ್ಮ.”

ಅವಳು ನಡೆದಳು. ಡಬ್ಬದ ಮೇಲೆ ಮುಷ್ಟಿ ಬಿಚ್ಚಿದಾಗ ಅಕ್ಕಿ ಅಕ್ಕಿಯ ಮೇಲೆ ಸದ್ದಿಲ್ಲದೆ ಬಿತ್ತು. ಬಿದ್ದ ಗಳಿಗೆಯಲ್ಲೇ ಅವಳದು ಯಾವುದೆಂದು ಅವಳಿಗೇ ಗೊತ್ತಾಗದಂತೆ ಬೆರೆತುಹೋಯಿತು. ಬೆವರಿದ ಅಂಗೈಗೆ ಕೆಲವು ಕಾಳು ಅಂಟಿಕೊಂಡೇ ಉಳಿದಿದ್ದವು. ಕೊಡವಲಿಲ್ಲ. ಹಾಗೆಯೇ ಕೈ ಮುಚ್ಚಿಕೊಂಡು ಬಂದು ಕೂತಳು. ವರಲಕ್ಷ್ಮಮ್ಮ ಎದ್ದು ಹೋದಳು. ಹೊರಗೆ ಗಣಿಯಲ್ಲಿ ಪಾಳಿ ಬಿಡುವ ಸೈರನ್ ಸಂಗು ಉದ್ದಕ್ಕೆ ಕೂಗಿತು. ನೆಲದಡಿಯಿಂದ ಮೇಲೆ ಬರುವವರು ಬರುತ್ತಿರಬೇಕು. ಇನ್ನು ಸ್ವಲ್ಪ ಹೊತ್ತಿಗೆ ಅಮ್ಮ ‘ಆಕ್ದಾ?’ ಎಂದು ಕೇಳುತ್ತಾಳೆ. ಹೇಳುವ ಮಾತು ಹೋದ ವಾರದ್ದೇ, ಅದೇ ಒಂದು ಮಾತು. ಆದರೂ ಅದನ್ನು ಈಗಷ್ಟೇ ಕಲಿತವಳಂತೆ ಅವಳು ತುಟಿಯೊಳಗೇ ಮೆಲ್ಲಗೆ ಹೇಳಿ ನೋಡಿಕೊಂಡಳು.